ಒಂದು ಮನೆ, ಎರಡು ಉತ್ತರ: 1996ರ ಒಂದು ಪದಬಂಧ ಮತ್ತು ಕನ್ನಡದ ಅಕ್ಷರ

ಸಾರಾಂಶ: ಪದಬಂಧದ ಒಂದು ಮನೆಯಲ್ಲಿ ಏನನ್ನು ತುಂಬಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಆಟದ ನಿಯಮದ ಪ್ರಶ್ನೆ. ವಾಸ್ತವದಲ್ಲಿ ಅದು ಒಂದು ಭಾಷೆಯ ಬರೆಹ ಯಾವ ಘಟಕಗಳಾಗಿ ಒಡೆಯುತ್ತದೆ ಎಂಬ ಪ್ರಶ್ನೆ. 1996ರ ನವೆಂಬರ್ 5ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ದೈನಿಕ ಪದಬಂಧವನ್ನು ಬಿಡಿಸಿ, ಅದರ ಚಮತ್ಕಾರ ಇಂಗ್ಲಿಷ್ ಲಿಪಿಯ ಯಾವ ಗುಣವನ್ನು ಆಧರಿಸಿದೆ ಎಂಬುದನ್ನು ಈ ಲೇಖನ ಮೊದಲು ವಿವರಿಸುತ್ತದೆ. ಬಳಿಕ ಅದೇ ಚಮತ್ಕಾರವನ್ನು ಕನ್ನಡದಲ್ಲಿ ಪ್ರಯೋಗಿಸಿ, ಕನ್ನಡ ಪದಬಂಧದ ಮನೆ ಉಚ್ಚಾರಣೆಯ ಘಟಕವೂ ಅಲ್ಲ, ಛಂದಸ್ಸಿನ ಘಟಕವೂ ಅಲ್ಲ, ಬರೆಹಕ್ಕೇ ಸೇರಿದ ಮೂರನೆಯ ಘಟಕ ಎಂದು ವಾದಿಸುತ್ತದೆ.

ಕೀಲಿಪದಗಳು: ಪದಬಂಧ, ಅಕ್ಷರ, ಉಚ್ಚಾರಾಂಶ, ಒತ್ತಕ್ಷರ, ಲಿಪಿ ಅಧ್ಯಯನ, ಚಿತ್ರಬಂಧ

1. ಪ್ರಶ್ನೆ

ಲಿಪಿಗಳ ವರ್ಗೀಕರಣದ ಚರ್ಚೆಯಲ್ಲಿ ಭಾರತೀಯ ಲಿಪಿಗಳ ಸ್ಥಾನ ಇಂದಿಗೂ ಇತ್ಯರ್ಥವಾಗಿಲ್ಲ. ಪೀಟರ್ ಡೇನಿಯಲ್ಸ್ ಅವರು 1990ರಲ್ಲಿ ಇವುಗಳಿಗೆ ‘ಅಬುಗಿಡ’ ಎಂಬ ಹೆಸರನ್ನು ಸೂಚಿಸಿದರು. ಆಡುಗನ್ನಡದ ವ್ಯಾಕರಣವನ್ನು ಬರೆದ ವಿಲಿಯಂ ಬ್ರೈಟ್ ಅವರು ‘ಆಲ್ಫಾಸಿಲಬರಿ’ ಎಂಬ ಹೆಸರನ್ನು ಇಷ್ಟಪಟ್ಟರು. ಒಂದು ಹೆಸರು ವ್ಯಂಜನದಲ್ಲಿ ಅಡಗಿರುವ ಸ್ವರಕ್ಕೆ ಒತ್ತುಕೊಟ್ಟರೆ, ಇನ್ನೊಂದು ಹೆಸರು ಸ್ವರಚಿಹ್ನೆಗಳ ಜೋಡಣೆಯನ್ನು ಮುಂದುಮಾಡುತ್ತದೆ. ಲಿಪಿಯನ್ನು ವಿಶ್ಲೇಷಕರು ಹೇಗೆ ಒಡೆಯಬಹುದು ಎಂಬುದಕ್ಕೆ ಎರಡರಲ್ಲೂ ಉತ್ತರವಿದೆ. ಓದುಬರೆಹ ಬಲ್ಲ ಸಾಮಾನ್ಯರು ಅದನ್ನು ಹೇಗೆ ಒಡೆಯುತ್ತಾರೆ ಎಂಬುದು ಬೇರೆಯೇ ಪ್ರಶ್ನೆ.

ಈ ಎರಡನೆಯ ಪ್ರಶ್ನೆಗೆ ಸಾಕ್ಷ್ಯ ದೊರೆಯುವ ಜಾಗಗಳು ಕಡಿಮೆ. ಕಾಗುಣಿತದ ತಪ್ಪುಗಳು, ಮಕ್ಕಳ ಓದಿನ ಕಲಿಕೆ, ಅಂತ್ಯಾಕ್ಷರಿಯಂತಹ ಆಟಗಳು ಅವುಗಳಲ್ಲಿ ಕೆಲವು. ಇವುಗಳ ಸಾಲಿಗೆ ಪದಬಂಧವನ್ನೂ ಸೇರಿಸಬೇಕೆಂಬುದು ಈ ಲೇಖನದ ಸಲಹೆ. ಪದಬಂಧ ಮುದ್ರಿತವಾದದ್ದು, ದಿನಾಂಕವುಳ್ಳದ್ದು. ಪದವನ್ನು ಒಡೆಯದೆ ಅದನ್ನು ರಚಿಸಲೂ ಆಗದು, ಬಿಡಿಸಲೂ ಆಗದು. ಸುಳಿವಿನ ಕೊನೆಯಲ್ಲಿ ಕಂಸದೊಳಗೆ ‘3’ ಎಂದು ಬರೆದ ರಚನಕಾರ, ತನಗೆ ಅರಿವಿಲ್ಲದೆಯೇ ಆ ಪದದ ಘಟಕಗಳ ಬಗ್ಗೆ ಒಂದು ಹೇಳಿಕೆಯನ್ನು ಮಂಡಿಸಿರುತ್ತಾನೆ.

2. ವಸ್ತುಕೇಂದ್ರಿತ ಪದಬಂಧ ರೂಪುಗೊಂಡ ಬಗೆ

ಆಧುನಿಕ ಪದಬಂಧದ ಚರಿತ್ರೆ ಸಾಮಾನ್ಯವಾಗಿ 1913ರ ಡಿಸೆಂಬರ್ 21ರಿಂದ ಆರಂಭವಾಗುತ್ತದೆ. ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಆರ್ಥರ್ ವಿನ್ ಅಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ‘ಫನ್’ ಪುರವಣಿಯಲ್ಲಿ ವಜ್ರಾಕೃತಿಯ ಒಂದು ಒಗಟನ್ನು ಪ್ರಕಟಿಸಿದರು. ಅದರ ಹೆಸರು ‘ವರ್ಡ್-ಕ್ರಾಸ್’. ಮುಂದಿನ ಕೆಲವೇ ವಾರಗಳಲ್ಲಿ ಹೆಸರಿನ ಎರಡು ಭಾಗಗಳು ಅದಲುಬದಲಾಗಿ ‘ಕ್ರಾಸ್-ವರ್ಡ್’ ಎಂದಾಯಿತು. 1924ರಲ್ಲಿ ಸೈಮನ್ ಅಂಡ್ ಷುಸ್ಟರ್ ಸಂಸ್ಥೆ ತನ್ನ ಮೊದಲ ಪ್ರಕಟಣೆಯಾಗಿ ಹೊರತಂದದ್ದು ಪದಬಂಧಗಳ ಸಂಕಲನವನ್ನೇ. ‘ನ್ಯೂಯಾರ್ಕ್ ಟೈಮ್ಸ್’ ಬಹುಕಾಲ ಈ ಗೀಳಿನಿಂದ ದೂರವೇ ಉಳಿಯಿತು. ಎರಡನೆಯ ಮಹಾಯುದ್ಧದ ನಡುವೆ, 1942ರ ಫೆಬ್ರವರಿ 15ರಂದು, ಭಾನುವಾರದ ಪದಬಂಧವನ್ನು ಅದು ಆರಂಭಿಸಿತು. 1950ರ ಸೆಪ್ಟೆಂಬರ್ 11ರಿಂದ ಅದು ದೈನಿಕವಾಯಿತು.

ಪತ್ರಿಕೆಯ ಮೊದಲ ಪದಬಂಧ ಸಂಪಾದಕಿ ಮಾರ್ಗರೆಟ್ ಫರಾರ್. ಅವರ ಕಾಲದಲ್ಲಿ ನೆಲೆಗೊಂಡ ನಿಯಮಗಳು ಅಮೆರಿಕದ ಪದಬಂಧಗಳಲ್ಲಿ ಇಂದಿಗೂ ಬಹುಮಟ್ಟಿಗೆ ಉಳಿದಿವೆ. ಪುಟವನ್ನು ತಲೆಕೆಳಗು ಮಾಡಿದರೂ ಕಪ್ಪು ಚೌಕಗಳ ವಿನ್ಯಾಸ ಬದಲಾಗಬಾರದು. ಮೂರಕ್ಕಿಂತ ಕಡಿಮೆ ಮನೆಗಳ ಉತ್ತರ ಇರಬಾರದು. ಪ್ರತಿಯೊಂದು ಬಿಳಿ ಮನೆಯೂ ಒಂದು ಅಡ್ಡಸಾಲಿಗೂ ಒಂದು ಕಂಬಸಾಲಿಗೂ ಸೇರಿರಬೇಕು. ಈ ಕೊನೆಯ ನಿಯಮವೇ ಇಲ್ಲಿ ಮುಖ್ಯ. ಅದರಿಂದಾಗಿ ಪ್ರತಿ ಮನೆಗೂ ಇಬ್ಬರು ಸಾಕ್ಷಿಗಳಿರುತ್ತಾರೆ. ಒಂದು ಉತ್ತರದಲ್ಲಿ ಅನುಮಾನ ಬಂದರೆ ಅದನ್ನು ಅಡ್ಡಹಾಯುವ ಪದ ಅನುಮಾನವನ್ನು ನಿವಾರಿಸುತ್ತದೆ.

ದೈನಿಕ ಪದಬಂಧದ ಅಳತೆ 15 ಮನೆ ಅಗಲ, 15 ಮನೆ ಉದ್ದ. ಸೋಮವಾರದಿಂದ ಗುರುವಾರದವರೆಗಿನ ಪದಬಂಧಗಳು ವಸ್ತುಕೇಂದ್ರಿತವಾಗಿರುವುದು ಇಂದಿನ ರೂಢಿ. ಕೆಲವು ಉದ್ದನೆಯ ಉತ್ತರಗಳನ್ನು ಒಂದು ವಿಚಾರ ಅಥವಾ ಒಂದು ಭಾಷಿಕ ಚಮತ್ಕಾರ ಬೆಸೆದಿರುತ್ತದೆ. ಬಿಡಿಸುವವರು ಒಂದೊಂದೇ ಪದವನ್ನು ತುಂಬುತ್ತಾ ಆ ಬೆಸುಗೆಯನ್ನು ಗುರುತಿಸುತ್ತಾರೆ. ಗುರುತಿಸಿದ ಮೇಲೆ ಆ ಬೆಸುಗೆಯೇ ಉಳಿದ ಉತ್ತರಗಳಿಗೆ ಸುಳಿವಾಗುತ್ತದೆ.

3. ಚುನಾವಣಾ ದಿನದ ಒಗಟು

1996ರ ನವೆಂಬರ್ 5, ಮಂಗಳವಾರ. ಅಮೆರಿಕದ ಅಧ್ಯಕ್ಷ ಚುನಾವಣೆಯ ದಿನ. ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್ ಮತ್ತು ರಿಪಬ್ಲಿಕನ್ ಪಕ್ಷದ ಬಾಬ್ ಡೋಲ್ ಮುಖ್ಯ ಸ್ಪರ್ಧಿಗಳು. ಅಂದಿನ ಪದಬಂಧವನ್ನು ರಚಿಸಿದವರು ಇಂಡಿಯಾನಾಪೊಲಿಸ್‌ನ ಬಟ್ಲರ್ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಜೆರೆಮಯ ಫ್ಯಾರೆಲ್. ಇಂಥದ್ದೇ ಒಂದು ಪ್ರಯತ್ನವನ್ನು ಅವರು 1980ರ ಚುನಾವಣೆಗೆ ಮಾಡಿದ್ದರು, ಅಂದಿನ ಸಂಪಾದಕ ಯೂಜೀನ್ ಮಲೆಸ್ಕ ಅದನ್ನು ಸ್ವೀಕರಿಸಿರಲಿಲ್ಲ. 1993ರಲ್ಲಿ ಸಂಪಾದಕರಾದ ವಿಲ್ ಷಾರ್ಟ್ಸ್ ಈ ಬಾರಿ ಸ್ವೀಕರಿಸಿದರು.

ಪದಬಂಧದ ನಟ್ಟನಡುವಿನ ಅಡ್ಡಸಾಲಿನಲ್ಲಿ ಏಳು ಮನೆ, ಒಂದು ಕಪ್ಪು ಚೌಕ, ಮತ್ತೆ ಏಳು ಮನೆ. ಈ ಎರಡು ಉತ್ತರಗಳು ಸೇರಿ ನಾಳಿನ ಪತ್ರಿಕೆಯ ಪ್ರಧಾನ ಸುದ್ದಿಯಾಗುತ್ತವೆ ಎಂಬುದು ಸುಳಿವಿನ ತಾತ್ಪರ್ಯ. ಎರಡನೆಯ ಏಳು ಮನೆಗಳ ಉತ್ತರ ‘ಇಲೆಕ್ಟೆಡ್’, ಅಂದರೆ ಚುನಾಯಿತ. ಮೊದಲ ಏಳು ಮನೆಗಳಲ್ಲಿ ಯಾರ ಹೆಸರು? ಮತದಾನವೇ ಮುಗಿದಿಲ್ಲ, ಪತ್ರಿಕೆ ಫಲಿತಾಂಶವನ್ನು ಹೇಳುವುದೆಂತು?

ಬಿಡಿಸುವವರು ಸಹಜವಾಗಿ ಅಡ್ಡಹಾಯುವ ಪದಗಳ ಮೊರೆಹೋಗುತ್ತಾರೆ. ಮೊದಲ ಮನೆಯನ್ನು ಹಾಯುವ ಪದದ ಸುಳಿವು ಹ್ಯಾಲೊವೀನ್ ಹಬ್ಬದ ಕಪ್ಪು ಪ್ರಾಣಿ. ‘ಕ್ಯಾಟ್’ ಎಂದು ತುಂಬಿದರೆ ಮೊದಲ ಮನೆಯಲ್ಲಿ ‘ಸಿ’ ದೊರೆತು ಕ್ಲಿಂಟನ್ ಹೆಸರು ತೆರೆದುಕೊಳ್ಳುತ್ತದೆ. ಬಾವಲಿಯೂ ಆ ಹಬ್ಬದ ಕಪ್ಪು ಪ್ರಾಣಿಯೇ. ‘ಬ್ಯಾಟ್’ ಎಂದು ತುಂಬಿದರೆ ‘ಬಿ’ ದೊರೆತು, ಹೆಸರು ಕುಲನಾಮಗಳನ್ನು ಬಿಡುವಿಲ್ಲದೆ ಕೂಡಿಸಿ ಬರೆದ ‘ಬಾಬ್‌ಡೋಲ್’ ತೆರೆದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಏಳೇ ಅಕ್ಷರ.

ಉಳಿದ ಆರು ಮನೆಗಳಲ್ಲೂ ಇದೇ ಏರ್ಪಾಡು. ಫ್ರೆಂಚ್ ಮೊದಲ ಪಾಠದ ಪದಕ್ಕೆ ‘ಎಲ್-ಯು-ಐ’ ಅಥವಾ ‘ಒ-ಯು-ಐ’. ಆಧಾರ ಒದಗಿಸುವುದಕ್ಕೆ ನಿವೃತ್ತಿ ಉಳಿತಾಯ ಖಾತೆಯ ಸಂಕ್ಷೇಪವಾದ ‘ಐ-ಆರ್-ಎ’ ಅಥವಾ ಒಳಉಡುಪನ್ನು ಹೇಳುವ ‘ಬಿ-ಆರ್-ಎ’. ಹೊಲಿಗೆ ಸಾಮಗ್ರಿಯ ಅಂಗಡಿಯಲ್ಲಿ ಕೊಳ್ಳುವುದಕ್ಕೆ ನೂಲು ಎಂಬರ್ಥದ ‘ಯಾರ್ನ್’ ಅಥವಾ ಗಜ ಎಂಬರ್ಥದ ‘ಯಾರ್ಡ್’. ಕಿರುಬರೆಹಗಳಿಗೆ ‘ಬಿಟ್ಸ್’ ಅಥವಾ ‘ಬಯೋಸ್’. ಕಹಳೆಯೂದುವ ಕ್ರಿಯೆಗೆ ಜಂಬ ಕೊಚ್ಚುವ ‘ಬೋಸ್ಟ್’ ಅಥವಾ ಗಟ್ಟಿಯಾಗಿ ಊದುವ ‘ಬ್ಲಾಸ್ಟ್’. ಕೊನೆಯ ಮನೆಗೆ ಬಹುಚರ್ಚಿತ ರಾಜಕೀಯ ಸಂಕ್ಷೇಪ: ರೈಫಲ್ ಸಂಘದ ‘ಎನ್-ಆರ್-ಎ’ ಅಥವಾ ಸಮಾನ ಹಕ್ಕುಗಳ ತಿದ್ದುಪಡಿಯ ‘ಇ-ಆರ್-ಎ’.

ಹೀಗೆ ಏಳು ಮನೆಗಳು, ಪ್ರತಿ ಮನೆಗೂ ಎರಡು ಸರಿಯುತ್ತರ, ಪ್ರತಿ ಸುಳಿವಿಗೂ ಎರಡು ಸರಿಯರ್ಥ. ಸಾಕ್ಷಿಗಳಾಗಬೇಕಿದ್ದ ಅಡ್ಡಪದಗಳು ಇಲ್ಲಿ ಎರಡೂ ಕಡೆಗೆ ಸಾಕ್ಷಿ ನುಡಿಯುತ್ತವೆ. ಒಂದೇ ಹೆಸರನ್ನು ಕಂಡವರಿಗೆ ಪತ್ರಿಕೆ ಪಕ್ಷಪಾತ ಮಾಡಿದಂತೆ ತೋರಿತು. ಅಂಥವರಿಂದ ದೂರುಗಳು ಬಂದವೆಂದು ಷಾರ್ಟ್ಸ್ ಮುಂದೆ ಹೇಳಿಕೊಂಡಿದ್ದಾರೆ.

4. ಚಮತ್ಕಾರದ ಅಡಿಪಾಯ

ಈ ಏಳು ಜೋಡಿಗಳನ್ನು ಭಾಷಾವಿಜ್ಞಾನದ ವಿದ್ಯಾರ್ಥಿ ಕನಿಷ್ಠ ಭೇದದ ಜೋಡಿಗಳೆಂದು ಕರೆಯಲು ತವಕಿಸಬಹುದು. ಆದರೆ ಯಾವುದರಲ್ಲಿ ಕನಿಷ್ಠ ಭೇದ? ಧ್ವನಿಮಾತ್ಮಕವಾಗಿ ನೋಡಿದರೆ ‘ಕ್ಯಾಟ್–ಬ್ಯಾಟ್’ ಮತ್ತು ‘ಯಾರ್ನ್–ಯಾರ್ಡ್’ ಮಾತ್ರ ಒಂದೊಂದು ಧ್ವನಿಮಾದ ಭೇದವುಳ್ಳವು. ‘ಬೋಸ್ಟ್–ಬ್ಲಾಸ್ಟ್’ ಜೋಡಿಯಲ್ಲಿ ‘ಒ’ ಅಕ್ಷರ ಪಕ್ಕದ ‘ಎ’ಯೊಂದಿಗೆ ಸೇರಿ ಒಂದೇ ಸ್ವರವನ್ನು ಸೂಚಿಸುತ್ತಿತ್ತು. ಅದರ ಜಾಗಕ್ಕೆ ‘ಎಲ್’ ಬಂದೊಡನೆ ‘ಎ’ ಸ್ವತಂತ್ರವಾಗಿ ಬೇರೊಂದು ಸ್ವರವಾಗುತ್ತದೆ. ‘ಬಿಟ್ಸ್–ಬಯೋಸ್’ ಜೋಡಿಯಲ್ಲಿ ಬದಲಾದದ್ದು ಮೂರನೆಯ ಅಕ್ಷರ, ಆದರೆ ಎರಡನೆಯ ಮತ್ತು ನಾಲ್ಕನೆಯ ಅಕ್ಷರಗಳ ಉಚ್ಚಾರಣೆಯೂ ಪದದ ಉಚ್ಚಾರಾಂಶಗಳ ಸಂಖ್ಯೆಯೂ ಬದಲಾದವು. ಫ್ರೆಂಚ್ ಜೋಡಿಯಲ್ಲೂ ‘ಯು’ ಅಕ್ಷರದ ಬೆಲೆ ಒಂದೇ ಆಗಿ ಉಳಿಯುವುದಿಲ್ಲ. ‘ಬಿ-ಆರ್-ಎ’ ಪದವಾಗಿ ಓದಿಕೊಳ್ಳುವಂಥದ್ದು. ‘ಎನ್-ಆರ್-ಎ’ ಮತ್ತು ‘ಇ-ಆರ್-ಎ’ ಅಕ್ಷರಗಳ ಹೆಸರುಗಳಾಗಿ ಓದಿಕೊಳ್ಳುವಂಥವು.

ಫ್ಯಾರೆಲ್ ಅವರ ರಚನೆ ನಿಂತಿರುವುದು ಧ್ವನಿಯ ಮೇಲಲ್ಲ, ಬರೆದ ಅಕ್ಷರದ ಮೇಲೆ. ಇಂಗ್ಲಿಷಿನ ಅಕ್ಷರ ಮನೆಯೊಳಗೆ ತನ್ನಷ್ಟಕ್ಕೆ ಹೆಚ್ಚೇನನ್ನೂ ಹೇಳದು. ಅದರ ಬೆಲೆ ನೆರೆಹೊರೆಯಿಂದ ನಿರ್ಧಾರವಾಗುತ್ತದೆ. ಅಡ್ಡಸಾಲಿನಲ್ಲಿ ಒಂದು ಧ್ವನಿ, ಕಂಬಸಾಲಿನಲ್ಲಿ ಇನ್ನೊಂದು ಧ್ವನಿ ಎಂಬ ಸ್ಥಿತಿ ಅಲ್ಲಿ ಸಹಜ. ಕ್ಲಿಂಟನ್ ಹೆಸರಿನ ‘ಐ’ ಅಡ್ಡಸಾಲಿನಲ್ಲಿ ಹ್ರಸ್ವ ಇಕಾರ. ಅದೇ ಮನೆ ಕಂಬಸಾಲಿನಲ್ಲಿ ‘ಐ-ಆರ್-ಎ’ ಸಂಕ್ಷೇಪದ ‘ಐ’. ಘಟಕಗಳು ಇಪ್ಪತ್ತಾರೇ ಆಗಿರುವುದರಿಂದ ಇಂಥ ಕೂಡುದಾರಿಗಳು ಹೇರಳ.

5. ಕನ್ನಡದಲ್ಲಿ ಇದೇ ಪ್ರಯೋಗ

ಅದೇ ಎರಡು ಹೆಸರುಗಳನ್ನು ಕನ್ನಡದ ಮನೆಗಳಲ್ಲಿ ಇರಿಸಿ ನೋಡೋಣ. ಒತ್ತಕ್ಷರ, ಸ್ವರಚಿಹ್ನೆ, ಅನುಸ್ವಾರಗಳೆಲ್ಲ ತಮ್ಮ ಮೂಲ ವ್ಯಂಜನದೊಂದಿಗೆ ಒಂದೇ ಮನೆಯಲ್ಲಿರುವುದು ಕನ್ನಡ ಪದಬಂಧದ ರೂಢಿ. ಪದಾಂತ್ಯದ ಅರೆವ್ಯಂಜನಕ್ಕೆ ಪ್ರತ್ಯೇಕ ಮನೆ. ಅದರಂತೆ ಕ್ಲಿಂ|ಟ|ನ್ ಮೂರು ಮನೆ, ಬಾ|ಬ್|ಡೋ|ಲ್ ನಾಲ್ಕು ಮನೆ. ಇಂಗ್ಲಿಷಿನ ಸಮತೋಲ ಇಲ್ಲಿ ಉಳಿಯದು. ಕುತೂಹಲದ ಸಂಗತಿಯೆಂದರೆ, ಛಂದಸ್ಸಿನ ಲೆಕ್ಕದಲ್ಲಿ ಎರಡೂ ಮತ್ತೆ ಸಮವಾಗುತ್ತವೆ. ಪದಾಂತ್ಯದ ವ್ಯಂಜನ ಹಿಂದಿನ ಅಕ್ಷರಕ್ಕೆ ಸೇರಿ ಅದನ್ನು ಗುರುವಾಗಿಸುವುದರಿಂದ ಕ್ಲಿಂ-ಟನ್, ಬಾಬ್-ಡೋಲ್ ಎರಡೂ ಎರಡೆರಡು ಅಕ್ಷರದವು. ಛಂದಸ್ಸಿನ ಅಕ್ಷರವೂ ಪದಬಂಧದ ಅಕ್ಷರವೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ಪದಬಂಧದ ಮನೆ ಉಚ್ಚಾರಾಂಶಕ್ಕೂ ಸಮನಲ್ಲ. ‘ಗುಂಪು’ ಮತ್ತು ‘ಗುಮ್ಮ’ ಎಂಬ ಪದಗಳ ಮೊದಲ ಉಚ್ಚಾರಾಂಶ ಒಂದೇ: ಗುಮ್. ಆದರೆ ಬರೆಹದಲ್ಲಿ ಗುಂ|ಪು, ಗು|ಮ್ಮ. ಅನುಸ್ವಾರವಾಗಿ ಬರೆದಾಗ ಅನುನಾಸಿಕ ಹಿಂದಿನ ಮನೆಯಲ್ಲಿ ಉಳಿಯುತ್ತದೆ. ಇಮ್ಮಡಿ ವ್ಯಂಜನವಾಗಿ ಬರೆದಾಗ ಅದೇ ಅನುನಾಸಿಕ ಮುಂದಿನ ಮನೆಗೆ ದಾಟುತ್ತದೆ. ಪದಬಂಧ ಬಿಡಿಸುವ ಯಾರಿಗೂ ಈ ನಿಯಮವನ್ನು ಪ್ರತ್ಯೇಕವಾಗಿ ಕಲಿಸಿರುವುದಿಲ್ಲ, ಆದರೂ ಅವರು ‘ಗುಮ್|ಮ’ ಎಂದು ತುಂಬುವುದಿಲ್ಲ.

ಇಲ್ಲಿ ಒಂದು ಅನುಮಾನ ಏಳಬಹುದು. ಘಟಕ ಇಷ್ಟು ದೊಡ್ಡದಾದರೆ ಎರಡು ಉತ್ತರಗಳ ಚಮತ್ಕಾರ ಕನ್ನಡದಲ್ಲಿ ಅಸಾಧ್ಯವೇ? 34 ವ್ಯಂಜನಗಳನ್ನು 13 ಸ್ವರಗಳೊಂದಿಗೆ ಗುಣಿಸಿದರೇ 442 ಗುಣಿತಾಕ್ಷರಗಳಾಗುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಕೂಡುದಾರಿಗಳು ವಿರಳವಾಗುವುದು ನಿಜ. ಅದಕ್ಕಾಗಿಯೇ ನಮ್ಮ ಪದಬಂಧಗಳಲ್ಲಿ ಕಪ್ಪು ಚೌಕಗಳು ಹೆಚ್ಚು, ಒಂದೇ ಪದಕ್ಕೆ ಸೇರಿದ ಮನೆಗಳೂ ಸಾಮಾನ್ಯ. ಆದರೆ ಚಮತ್ಕಾರ ಅಸಾಧ್ಯವಲ್ಲ. ಈ ಲೇಖನಕ್ಕೆಂದು ಹೆಣೆದ ಒಂದು ಪುಟ್ಟ ಮಾದರಿ ಹೀಗಿದೆ.

ಎಡದಿಂದ ಬಲಕ್ಕೆ: ನಾಳಿನ ಹವೆ (2). ಉತ್ತರ ‘ಮಳೆ’ ಅಥವಾ ‘ಚಳಿ’. ಮೊದಲ ಮನೆಯಿಂದ ಕೆಳಕ್ಕೆ: ಪೆಟ್ಟು ಬಿದ್ದರೆ ನೋಯುವುದು (2). ಉತ್ತರ ‘ಮರ್ಮ’ ಅಥವಾ ‘ಚರ್ಮ’. ಎರಡನೆಯ ಮನೆಯಲ್ಲಿ ಕೊನೆಗೊಳ್ಳುವಂತೆ ಮೇಲಿನಿಂದ ಕೆಳಕ್ಕೆ: ಕಾಲ ಸಂದುಹೋಗು (2). ಉತ್ತರ ‘ಕಳೆ’ ಅಥವಾ ‘ಕಳಿ’.

ಮೂರು ಸುಳಿವು, ಎರಡು ಸಂಪೂರ್ಣ ಪರಿಹಾರ. ಫ್ಯಾರೆಲ್ ಅವರ ಸಾಧನೆಯ ಎದುರು ಇದು ಮಕ್ಕಳಾಟ. ಆದರೂ ಎರಡು ವ್ಯತ್ಯಾಸಗಳನ್ನು ಇದು ತೋರಿಸಿಕೊಡುತ್ತದೆ. ಮೊದಲನೆಯದು, ಇಲ್ಲಿನ ಜೋಡಿಗಳು ಬರೆಹದಲ್ಲಿ ಮಾತ್ರವಲ್ಲ, ಧ್ವನಿಯಲ್ಲೂ ಕನಿಷ್ಠ ಭೇದದವು. ‘ಮ’ ಹೋಗಿ ‘ಚ’ ಬಂದರೆ ಪಕ್ಕದ ‘ರ್ಮ’ದ ಉಚ್ಚಾರಣೆಗೆ ಏನೂ ಆಗುವುದಿಲ್ಲ. ಅನುಸ್ವಾರ ಇದಕ್ಕೆ ಹೊರತು: ‘ಕಂಬ’ದ ‘ಬ’ ಹೋಗಿ ‘ಠ’ ಬಂದರೆ ಹಿಂದಿನ ಮನೆಯ ‘ಕಂ’ನಲ್ಲಿರುವ ಅನುನಾಸಿಕದ ಉಚ್ಚಾರಣೆ ಬದಲಾಗುತ್ತದೆ. ಎರಡನೆಯದು, ‘ಳೆ–ಳಿ’ ಮನೆಯಲ್ಲಿ ವ್ಯಂಜನ ಖಚಿತ, ಸ್ವರ ಮಾತ್ರ ಅನಿಶ್ಚಿತ. ಇಂಗ್ಲಿಷಿನ ಮನೆ ಗೊತ್ತಿದ್ದರೆ ಪೂರ್ತಿ ಗೊತ್ತು, ಇಲ್ಲದಿದ್ದರೆ ಪೂರ್ತಿ ಗೊತ್ತಿಲ್ಲ. ಕನ್ನಡದ ಮನೆ ಅರ್ಧ ಗೊತ್ತಿರಬಲ್ಲದು. ಮನೆ ಒಂದೇ ಆದರೂ ಒಳಗೆ ಕೋಣೆಗಳಿವೆ. ಅಕ್ಷರ ಒಂದು ಘಟಕವೂ ಹೌದು, ರಚನೆಯುಳ್ಳದ್ದೂ ಹೌದು ಎಂಬ ಮಾತು ಇಲ್ಲಿ ಪರೀಕ್ಷಿಸಬಹುದಾದ ರೂಪ ಪಡೆಯುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಧ್ವನಿಮಾಗಳ ಅರಿವು ಉಚ್ಚಾರಾಂಶಗಳ ಅರಿವಿಗಿಂತ ನಿಧಾನವಾಗಿ ಬರುತ್ತದೆಂದು ತೋರಿಸಿತು. ಅರ್ಧ ತಿಳಿದ ಮನೆಯನ್ನು ವಯಸ್ಕರು ಹೇಗೆ ನಿಭಾಯಿಸುತ್ತಾರೆ ಎಂಬುದು ಅದರ ಮುಂದಿನ ಪ್ರಶ್ನೆಯಾಗಬಹುದು.

6. ಮನೆಯ ಪೂರ್ವೇತಿಹಾಸ

ಪದಬಂಧ ಹೊರಗಿನಿಂದ ಬಂದ ಆಟ. ಮನೆಯೊಂದರಲ್ಲಿ ಅಕ್ಷರವೊಂದನ್ನು ಇರಿಸುವ ಕ್ರಮ ಮಾತ್ರ ಇಲ್ಲಿ ಹಳೆಯದು. ಭಾರವಿಯ ‘ಕಿರಾತಾರ್ಜುನೀಯ’ದ 15ನೆಯ ಸರ್ಗದಲ್ಲೂ ಮಾಘನ ‘ಶಿಶುಪಾಲವಧ’ದ 19ನೆಯ ಸರ್ಗದಲ್ಲೂ ‘ಸರ್ವತೋಭದ್ರ’ ಎಂಬ ಚಿತ್ರಬಂಧವಿದೆ. ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳನ್ನು ಬರೆದು, ಅವನ್ನೇ ಹಿಂದುಮುಂದಾದ ಕ್ರಮದಲ್ಲಿ ಕೆಳಗೆ ಬರೆದರೆ 64 ಮನೆಗಳ ಚೌಕವಾಗುತ್ತದೆ. ಅದನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಓದಿದರೂ ಪದ್ಯ ಒಂದೇ. ಭಾರವಿಯ ಕೀರ್ತಿ ಕನ್ನಡ ನಾಡಿಗೆ ಬಹು ಹಿಂದೆಯೇ ತಲುಪಿತ್ತು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಕಾಳಿದಾಸನೊಂದಿಗೆ ಅವನ ಹೆಸರನ್ನೂ ಎತ್ತುತ್ತಾನೆ. ದಂಡಿಯ ‘ಕಾವ್ಯಾದರ್ಶ’ ಇಂಥ ಬಂಧಗಳನ್ನೂ ಒಗಟಿನ ಪ್ರಭೇದಗಳನ್ನೂ ವಿವರಿಸುತ್ತದೆ. ಅದನ್ನು ಬಹುಮಟ್ಟಿಗೆ ಅನುಸರಿಸುವ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತನ್ನ ಎರಡನೆಯ ಪರಿಚ್ಛೇದವನ್ನು ಶಬ್ದಾಲಂಕಾರಗಳಿಗೆ ಮೀಸಲಿಟ್ಟಿದೆ.

ಇದರಿಂದ ಪದಬಂಧ ನಮ್ಮಲ್ಲೇ ಹುಟ್ಟಿತೆಂಬ ತೀರ್ಮಾನಕ್ಕೆ ಹಾರುವುದು ತಪ್ಪಾದೀತು. ಚಿತ್ರಬಂಧದಲ್ಲಿ ಸುಳಿವಿಲ್ಲ, ಖಾಲಿ ಮನೆಯಿಲ್ಲ, ಬಿಡಿಸುವವರಿಗೆ ಕೆಲಸವಿಲ್ಲ. ಅಲ್ಲಿನ ಮನೆ ಛಂದಸ್ಸಿನ ಅಕ್ಷರವನ್ನು ಹೊರುತ್ತದೆ, ಇಲ್ಲಿನ ಮನೆ ಬರೆಹದ ಅಕ್ಷರವನ್ನು ಹೊರುತ್ತದೆ. ಇಂಗ್ಲಿಷಿನ ಆಟ ಕನ್ನಡಕ್ಕೆ ಬಂದಾಗ ಅಡ್ಡಹಾಯುವ ತತ್ತ್ವ ಬಂತು, ಸುಳಿವು ಬಂತು, ಕಪ್ಪು ಚೌಕ ಬಂತು. ಮನೆಯೊಳಗಿನ ಘಟಕ ಮಾತ್ರ ಬರಲಿಲ್ಲ. ಎರವಲು ಪಡೆದವರು ಅಲ್ಲಿ ತಮ್ಮ ಬರೆಹದ ಅರಿವನ್ನೇ ನೆಚ್ಚಿದರು.

7. ಇಂದಿನ ಅಗತ್ಯ

ಈ ಚರ್ಚೆ ಆಟದ ಅಂಕಣಕ್ಕೆ ಸೀಮಿತವಲ್ಲ. ಗಣಕದಲ್ಲಿ ‘ಕನ್ನಡ’ ಎಂಬ ಪದ ಐದು ಸಂಕೇತಗಳ ಸಾಲು: ಕ, ನ, ವಿರಾಮಚಿಹ್ನೆ, ನ, ಡ. ಯೂನಿಕೋಡ್‌ನ ಪಠ್ಯವಿಭಜನೆಯ ನಿಯಮಗಳು 2023ರ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಉಳಿಸಿಕೊಳ್ಳುವ ಕಟ್ಟಳೆಯೊಂದನ್ನು ಸೇರಿಸಿದವು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯವಾಯಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆ ನಿಯಮಗಳ ಪ್ರಕಾರ ‘ಕನ್ನಡ’ ಒಡೆಯುವುದು ಕ|ನ್|ನ|ಡ ಎಂದು, ನಾಲ್ಕು ಘಟಕಗಳಾಗಿ. ಪದಬಂಧ ಬಿಡಿಸುವವರಿಗೆ ಅದು ಕ|ನ್ನ|ಡ, ಮೂರೇ ಮನೆ. ಪದಗಳ ಉದ್ದವನ್ನು ಪಠ್ಯಕೋಶದಿಂದ ಎಣಿಸುವ ಸಂಶೋಧಕರು ಈ ಮೂರು, ನಾಲ್ಕು, ಐದರಲ್ಲಿ ಯಾವುದನ್ನು ಎಣಿಸಿದರೆಂದು ಹೇಳದಿದ್ದರೆ ಅವರ ಅಂಕಿಗಳನ್ನು ಹೋಲಿಸಲಾಗದು. ಕನ್ನಡದ ಘಟಕ ಯಾವುದೆಂದು ಮಾನಕ ಮಂಡಳಿಗಳಿಗೆ ಹೇಳಬೇಕಾಗಿ ಬಂದಾಗ, ಓದುಗರ ಅಂತಃಪ್ರಜ್ಞೆಯನ್ನು ಊಹಿಸಿ ಹೇಳುವುದಕ್ಕಿಂತ ಮುದ್ರಿತ ಪದಬಂಧಗಳನ್ನು ಮುಂದಿಡುವುದು ಮೇಲು.

ಈ ಸಾಕ್ಷ್ಯಕ್ಕೆ ಮಿತಿಗಳೂ ಇವೆ. ಮನೆ ತೋರಿಸುವುದು ಬರೆಹದ ಘಟಕವನ್ನು ಮಾತ್ರ, ಮಾತಿನ ಘಟಕವನ್ನಲ್ಲ. ರಚನಕಾರರ ವೈಯಕ್ತಿಕ ಒಲವುಗಳೂ ಅಲ್ಲಿ ಸೇರಿರುತ್ತವೆ. ಆದರೆ ಆ ಒಲವುಗಳೇ ಕೆಲವೊಮ್ಮೆ ಉಪಯುಕ್ತ. ‘ಬಸ್’ ಮತ್ತು ‘ಬಸ್ಸು’ ಎರಡಕ್ಕೂ ಎರಡೇ ಮನೆ. ರಚನಕಾರ ಎರಡನೆಯ ಮನೆಯಲ್ಲಿ ‘ಸ್’ ಬಯಸಿದನೇ ‘ಸ್ಸು’ ಬಯಸಿದನೇ ಎಂಬುದನ್ನು ಅಡ್ಡಹಾಯುವ ಪದ ಮತ್ತು ಮರುದಿನದ ಉತ್ತರ ತಿಳಿಸುತ್ತವೆ. ಎರವಲು ಪದದ ಕೊನೆಗೆ ಉಕಾರ ಸೇರಿಸುವ ರೂಢಿ ಯಾವ ದಶಕದಲ್ಲಿ ಎಷ್ಟು ಬಲವಾಗಿತ್ತು, ಯಾವಾಗ ಸಡಿಲವಾಯಿತು ಎಂಬುದನ್ನು ತೇದಿಸಮೇತ ಹೇಳಬಲ್ಲ ಆಕರಗಳು ನಮ್ಮಲ್ಲಿ ಹೆಚ್ಚಿಲ್ಲ. ಹಳೆಯ ಪತ್ರಿಕೆಗಳ ಸಂಗ್ರಹಗಳಲ್ಲಿರುವ ಪದಬಂಧಗಳು ಅಂಥ ಆಕರ. ಹಳೆಯ ಸಂಚಿಕೆಗಳನ್ನು ಗಣಕಕ್ಕೆ ಏರಿಸುವಾಗ ಸಂಪಾದಕೀಯ, ಲೇಖನಗಳ ಜೊತೆಗೆ ಈ ಪುಟಗಳನ್ನೂ ಉತ್ತರಗಳ ಸಮೇತ ಉಳಿಸಿಕೊಳ್ಳಬೇಕು.

ಫ್ಯಾರೆಲ್ ಅವರ ಓದುಗರು ಅಂದು ಪೆನ್ಸಿಲ್ ಹಿಡಿದು ನಾಳಿನ ಅಧ್ಯಕ್ಷನ ಹೆಸರನ್ನು ಹುಡುಕುತ್ತಿದ್ದರು. ಮರುದಿನ ಕ್ಲಿಂಟನ್ ಗೆದ್ದ ಸುದ್ದಿ ಬಂದಾಗಲೂ ಮತ್ತೊಂದು ಉತ್ತರ ತಪ್ಪಾಗಲಿಲ್ಲ. ಚೌಕದೊಳಗಿನ ಏಳು ಮನೆಗಳಿಗೆ ಬೇಕಿದ್ದದ್ದು ಅಕ್ಷರಗಳು ಹೊಂದುವುದಷ್ಟೆ. ನಮ್ಮ ಮನೆಗಳಿಗೆ ಹೊಂದುವ ಅಕ್ಷರ ಯಾವುದೆಂಬುದನ್ನು ಕನ್ನಡದ ಓದುಗರು ದಿನವೂ ಬರೆದು ತೋರಿಸುತ್ತಿದ್ದಾರೆ. ಅದನ್ನು ಕಲೆಹಾಕಿ ಓದುವುದು ಭಾಷಾವಿಜ್ಞಾನದ ಕೆಲಸ.